ಹನುಮಕ್ಕನ ನೀಲಿ ಗಂಟು

ಪ್ರಮೀಳಾ ಏನು ಕೆಲಸ ಮಾಡುತ್ತಾಳೆ ಎಂದು ಹುತ್ರಿದುರ್ಗದ ಅವಳ ತವರಿನಲ್ಲಿ ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಪ್ಪ ಚಿಕ್ಕಬೋರಯ್ಯನ ಪ್ರಕಾರ ಮಗಳು ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರಿಗಿಂತ ಒಂದು ಕೈ ಮೇಲು. ಚಿಕ್ಕಮ್ಮನ ಪ್ರಕಾರ ಎಕ್ಸ್‌ರೇ ತೆಗೆಯುವವಳು. ಬೀದಿ ಕೊನೆಯ ಮನೆಯವರಿಗೆ ಅವಳು ‘ಕರೆಂಟ್ ಔಷಧಿ’ ಮಾಡುವವಳು. ಆ ಮನೆಯ ಸೊಸೆ ಬಸುರಿಯಾಗಿದ್ದಾಗ ಪ್ರಮೀಳಾ ಊರಿಗೆ ಬಂದರೆ ಸಾಕು, ಅವರು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಮೂರರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ, ಯಾವುದೂ ನಿಜವೂ ಅಲ್ಲ. ತಿದ್ದಲು ಹೋಗಿ ಹೋಗಿ ಸಾಕಾಗಿ ಅವಳೂ ಸುಮ್ಮನಾಗಿದ್ದಾಳೆ.

ನಿಜ ಇಷ್ಟು. ಹೆಂಗಸಿನ ಎದೆಯಲ್ಲಿ ಕ್ಯಾನ್ಸರ್ ಗೆಡ್ಡೆ ಹುಟ್ಟಿದರೆ ಅದು ಅಲ್ಲಿಂದ ಹೊರಡುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಕಂಕುಳಿನ ಕಡೆಗೆ. ಅಲ್ಲಿ ಅವರೆಕಾಳಿನ ಗಾತ್ರದ ಗಂಟುಗಳಿರುತ್ತವೆ, ಪುಸ್ತಕದ ಭಾಷೆಯಲ್ಲಿ ದುಗ್ಧಗ್ರಂಥಿಗಳು. ಎದೆಯಿಂದ ಹರಿದು ಬರುವ ರಸ ಮೊದಲು ಯಾವ ಗಂಟಿಗೆ ಸೇರುತ್ತದೋ ಅದು ಕಾವಲು ಗಂಟು. ಅದೊಂದನ್ನು ಹುಡುಕಿ ತೆಗೆದು ನೋಡಿದರಾಯಿತು. ಅದು ಶುದ್ಧವಿದ್ದರೆ ಉಳಿದವನ್ನು ಮುಟ್ಟಬೇಕಾಗಿಲ್ಲ. ಎಲ್ಲವನ್ನೂ ಕಿತ್ತರೆ ಕೈ ಊದಿಕೊಂಡು ಜನ್ಮಪೂರ್ತಿ ಒಂದು ಬಿಂದಿಗೆ ಎತ್ತುವುದೂ ಕಷ್ಟವಾಗಬಹುದು. ಆ ಕಾವಲು ಗಂಟಿನ ಜಾಡು ಹಿಡಿಯಲು ಎದೆಯ ಚರ್ಮದಡಿ ಒಂದೆರಡು ಹನಿ ವಿಕಿರಣದ ಮದ್ದು ಚುಚ್ಚುತ್ತಾರೆ. ಅದೇ ಟ್ರೇಸರ್. ಅದು ಹೋಗಿ ಗಂಟಿನಲ್ಲಿ ಕೂತರೆ ಕ್ಯಾಮೆರಾದಲ್ಲಿ ಚುಕ್ಕೆಯಾಗಿ ಕಾಣುತ್ತದೆ.

ಪ್ರಮೀಳಾ ಇಂಥದೊಂದು ಹೊಸ ಟ್ರೇಸರ್ ತಯಾರಿಸುತ್ತಿದ್ದಳು. ಹಳೆಯವು ಕೆಲವು ಸಲ ಮೊದಲ ಗಂಟಿನಲ್ಲಿ ನಿಲ್ಲದೆ ಮುಂದಿನದಕ್ಕೂ ಸೋರಿಕೊಳ್ಳುತ್ತವೆ. ಇವಳದು ಸಕ್ಕರೆಯ ಉದ್ದನೆಯ ಸರಪಳಿಗೆ ಟೆಕ್ನೀಷಿಯಂ ಎಂಬ ವಿಕಿರಣ ಧಾತು ಕೂರಿಸಿದ ಮದ್ದು. ಮೊದಲ ಗಂಟನ್ನು ಕಚ್ಚಿ ಹಿಡಿದರೆ ಬಿಡಬಾರದು ಎನ್ನುವುದು ಲೆಕ್ಕಾಚಾರ. ಸೀಸದ ಡಬ್ಬದೊಳಗಿನ ಯಂತ್ರದಿಂದ ಬೆಳಿಗ್ಗೆ ಟೆಕ್ನೀಷಿಯಂ ಇಳಿಸಿಕೊಳ್ಳುವುದಕ್ಕೆ ಲ್ಯಾಬಿನವರು ‘ಹಾಲು ಕರೆಯೋದು’ ಎನ್ನುತ್ತಾರೆ. ಕೊಟ್ಟಿಗೆಯಲ್ಲಿ ಬೆಳೆದ ಹುಡುಗಿಗೆ ಆ ಮಾತು ಮೊದಲ ದಿನವೇ ಹಿಡಿಸಿತ್ತು. ಎಮ್ಮೆಸ್ಸಿ ಮುಗಿಸಿ ಈ ಆಸ್ಪತ್ರೆ ಸೇರಿದ ಮೇಲೆ ಅವಳ ಒಳ್ಳೆಯ ವಯಸ್ಸೆಲ್ಲ ಈ ಮದ್ದಿಗೇ ಹೋಯಿತು. ಇಲಿಗಳಾದವು, ಮೊಲಗಳಾದವು, ಅನುಮತಿಗಳಿಗಾಗಿ ಅಲೆದದ್ದಾಯಿತು. ಮಗಳು ಇಂಪನಾ ಹೈಸ್ಕೂಲಿಗೆ ಬರುವ ಹೊತ್ತಿಗೆ ಮನುಷ್ಯರ ಮೇಲೆ ಪರೀಕ್ಷೆ ಶುರುವಾಯಿತು.

ಅವಳ ಗುಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಎಲ್ಲಿ ಏನೇ ಕೆಟ್ಟರೂ ತನ್ನದೇ ತಪ್ಪಿರಬೇಕು ಎಂದುಕೊಳ್ಳುವವಳು ಪ್ರಮೀಳಾ. ಗಂಡ ಶಿವಮೂರ್ತಿ ಒಲೆಯ ಮುಂದೆ ನಿಂತೇ ಹಾಲು ಉಕ್ಕಿಸಿದರೆ, ‘ನಾನು ಹೇಳಿ ಹೋಗಬೇಕಿತ್ತು’ ಎನ್ನುತ್ತಾಳೆ. ನೋಡಿದವರು ಎಷ್ಟು ವಿನಯ ಎನ್ನುತ್ತಾರೆ. ನನಗೆ ಆ ವಿನಯ ಕಂಡರೆ ಸಿಟ್ಟು ಬರುತ್ತದೆ, ಯಾಕೆಂದು ಮುಂದೆ ನಿಮಗೇ ಗೊತ್ತಾಗುತ್ತದೆ.

ಹಾಗಲವಾಡಿಯ ಹನುಮಕ್ಕ ಆಸ್ಪತ್ರೆಗೆ ಬಂದದ್ದು ಮಳೆಗಾಲ ಮುಗಿದ ಮೇಲೆ. ತೆಂಗಿನ ತೋಟ, ನಾಲ್ಕು ಹಸು, ಗುಬ್ಬಿಯಲ್ಲಿ ಲೈನ್‌ಮನ್ ಆಗಿರುವ ಮಗ ಚಂದ್ರು, ಒಬ್ಬ ಮೊಮ್ಮಗ, ಇಷ್ಟು ಅವಳ ಸಂಸಾರ. ಎಡ ಎದೆಯಲ್ಲಿ ಹುಣಸೆಬೀಜದಷ್ಟು ಗೆಡ್ಡೆ. ಬೇಗ ಸಿಕ್ಕಿದೆ, ಹೆದರಬೇಡಿ ಎಂದಿದ್ದರು ಸರ್ಜನ್ ಗುರುಪ್ರಸಾದ್. ಗೆಡ್ಡೆ ತೆಗೆಯುವ ದಿನವೇ ಕಾವಲು ಗಂಟನ್ನೂ ತೆಗೆದು ನೋಡುವುದು, ಗಂಟಿಗೆ ಹರಿದು ಅದನ್ನು ನೀಲಿಯಾಗಿಸುವ ಮಾಮೂಲಿನ ಬಣ್ಣದ ಜೊತೆಗೆ ಪ್ರಮೀಳಾಳ ಹೊಸ ಟ್ರೇಸರನ್ನೂ ಹಾಕಿ ಎರಡನ್ನೂ ಹೋಲಿಸುವುದು ಎಂದು ತೀರ್ಮಾನವಾಯಿತು. ಹನುಮಕ್ಕ ಎಲ್ಲವನ್ನೂ ಕೇಳಿಸಿಕೊಂಡು ಒಪ್ಪಿದಳು.

“ನನ್ನಿಂದ ನಾಕ್ ಜನುಕ್ಕೆ ಒಳ್ಳೇದಾಗಂಗಿದ್ರೆ ಚುಚ್ಚವ್ವ. ಹೆಂಗೂ ಚುಚ್ಚಿಸ್ಕಳದೇ ಆಯ್ತಲ್ಲ ಈಗ.”

ಇಂಜೆಕ್ಷನ್‌ಗೆ ಮುಂಚೆ ಪ್ರಮೀಳಾ ಅವಳ ಪಕ್ಕ ಕೂತು ಕೇಳಬೇಕಾದ್ದನ್ನೆಲ್ಲ ಕೇಳಿದಳು. ಜ್ವರ ಇದೆಯಾ, ಶುಗರ್ ಇದೆಯಾ, ಈ ಕೈಗೆ ಗಾಯ ಆಗಿತ್ತಾ, ಹಿಂದೆ ಆಪರೇಷನ್ ಆಗಿದೆಯಾ.

“ಟ್ಯಾಟೂ ಏನಾದ್ರೂ ಹಾಕಿಸ್ಕೊಂಡಿದ್ದೀರಾ ಅಮ್ಮ?”

ಹನುಮಕ್ಕನಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ಬುಡವ್ವ. ಅದೆಲ್ಲ ನನ್ ಮೊಮ್ಮಗನ ಕೆಲ್ಸ. ತುಮ್ಕೂರ್‌ಗೆ ಹೋಗಿ ಕುತ್ಗೆ ಮೇಲೆ ಹುಲಿ ಬರೆಸ್ಕಂಡು ಬಂದವ್ನೆ. ನಂಗ್ಯಾಕವ್ವ ಈ ವಯಸ್ನಾಗೆ ಟ್ಯಾಟೂ?”

ಪ್ರಮೀಳಾಳೂ ನಕ್ಕಳು. ನಗುತ್ತಲೇ ಹನುಮಕ್ಕನ ಎಡಗೈ ಹಿಡಿದು ತಿರುಗಿಸಿ ನೋಡಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಸಿರು ಹಚ್ಚೆ: ತೊಟ್ಟಿಲು, ಚೇಳು, ಸಾಲು ಚುಕ್ಕೆ, ಗಂಡನ ಹೆಸರು.

“ಚೆನ್ನಾಗಿದೆ ಹಚ್ಚೆ. ಯಾರು ಹುಯ್ದಿದ್ದು?”

“ಕೊರವಂಜಿ. ಮದ್ವೆ ಗೊತ್ತಾದಾಗ ನಮ್ಮವ್ವ ಕೂರ್ಸಿ ಹುಯ್ಸುದ್ಲು. ಮೂರ್ ದಿನ ಕೈ ಊದ್ಕಂಡು ಕಂಕುಳಾಗೆ ಗೆಡ್ಡೆ ಕಟ್ಟಿತ್ತು.”

“ನಮ್ಮಜ್ಜಿಗೂ ಇತ್ತು, ಇಂಥದ್ದೇ ತೊಟ್ಟಿಲು,” ಎಂದು ಪ್ರಮೀಳಾ ಆ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು. ಟ್ಯಾಟೂ ಇಲ್ಲ ಎಂದು ಬರೆದುಕೊಂಡಳು. ಆಮೇಲೆ ಸೂಜಿ ತೆಗೆದುಕೊಂಡಳು.

ಕ್ಯಾಮೆರಾದಡಿ ಹನುಮಕ್ಕನನ್ನು ಮಲಗಿಸಿದಾಗ ಪರದೆಯಲ್ಲಿ ಇಂಜೆಕ್ಷನ್ ಕೊಟ್ಟ ಜಾಗ ಧಗಧಗ ಹೊಳೆಯಿತು. ಕಂಕುಳಿನಲ್ಲಿ ಮಾತ್ರ ಏನೂ ಇಲ್ಲ. ಪ್ರಮೀಳಾ ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಆ ಹೊಳಪಿನ ಅಂಚಿನಲ್ಲೇ, ಕಂಕುಳಿಗಿಂತ ಎಷ್ಟೋ ಕೆಳಗೆ, ಎದೆಯ ಬದಿಯಲ್ಲಿ ಇನ್ನೊಂದು ಸಣ್ಣ ಚುಕ್ಕೆ ಇದ್ದಂತಿತ್ತು. ಅಷ್ಟು ಕೆಳಗೆ ಗಂಟು ಇರುವುದು ಅಪರೂಪ. ಸೂಜಿ ಹೊರತೆಗೆಯುವಾಗ ಚರ್ಮದ ಮೇಲೆ ಹನಿ ಚೆಲ್ಲಿದರೂ ಹಾಗೇ ಕಾಣುತ್ತದೆ.

ಆಪರೇಷನ್ ಕೋಣೆಯಲ್ಲಿ ಗುರುಪ್ರಸಾದ್ ಕಂಕುಳು ತೆರೆದರು. ಅಷ್ಟು ಹೊತ್ತಿಗೆ ಹನುಮಕ್ಕನ ಕೈಗೆ ಔಷಧಿ ಬಳಿದು ಬೆರಳ ತುದಿಯವರೆಗೆ ಹಸಿರು ಬಟ್ಟೆ ಸುತ್ತಿಯಾಗಿತ್ತು. ಬಿಡಿಸುತ್ತ ಹೋದ ಹಾಗೆ ಒಂದು ಗಂಟು ಕಾಣಿಸಿತು, ಕಡುನೀಲಿ ಬಣ್ಣದ್ದು. ನೀಲಿ ಚುಚ್ಚಿದ್ದಾರೆ, ನೀಲಿ ಗಂಟು ಸಿಕ್ಕಿದೆ, ಇನ್ನೇನು ಬೇಕು? ವಿಕಿರಣ ಸಿಕ್ಕಲ್ಲಿ ಕಿರ್ರೆನ್ನಬೇಕಾದ ಪ್ರೋಬನ್ನು ಅದರ ಮೇಲಿಟ್ಟರು. ಅದು ಅಲ್ಲೊಂದು ಇಲ್ಲೊಂದು ಟಿಕ್ ಎಂದು ಸುಮ್ಮನಾಯಿತು.

“ಏನ್ರೀ ಪ್ರಮೀಳಾ, ನಿಮ್ಮ ಟ್ರೇಸರ್ ಬಂದೇ ಇಲ್ಲ. ಆ ಕೆಳಗಿನ ಚುಕ್ಕೆ ಏನದು? ನೋಡಬೇಕಾ?” ಎಂದು ಗುರುಪ್ರಸಾದ್ ಕೇಳಿದರು.

ಕೇಳಿದರು, ಅದನ್ನು ಮರೆಯಬಾರದು. ಆ ಡಾಕ್ಟರು ಕೆಟ್ಟವರಲ್ಲ. ನೋಡಿ ಸಾರ್ ಎಂದಿದ್ದರೆ ಖಂಡಿತ ನೋಡುತ್ತಿದ್ದರು. ಪ್ರಮೀಳಾಳ ನಾಲಿಗೆ ತುದಿಗೆ ಅದೇ ಮಾತು ಬಂದಿತ್ತು. ಆದರೆ ಎದುರಿಗೆ ಅಷ್ಟು ಸ್ಪಷ್ಟವಾದ ನೀಲಿ ಗಂಟು ಕೂತಿದೆ. ಅದು ಸುಳ್ಳು, ನನ್ನ ಚುಕ್ಕೆ ನಿಜ ಎನ್ನಲು ತಾನ್ಯಾರು?

“ಇಲ್ಲ ಸಾರ್, ಚೆಲ್ಲಿರ್ಬೇಕು. ನನ್ನದೇ ತಪ್ಪು,” ಎಂದಳು.

ಗಂಟು ಪೆಥಾಲಜಿಗೆ ಹೋಯಿತು. ಪೆಥಾಲಜಿಸ್ಟ್ ಅಪರ್ಣ ಅವಸರದಲ್ಲೇ ಪರೀಕ್ಷಿಸಿ ಕ್ಯಾನ್ಸರ್ ಇಲ್ಲ ಎಂದರು. ಗೆಡ್ಡೆ ತೆಗೆದು ಹೊಲಿದದ್ದಾಯಿತು. ಹೊರಗೆ ಕಾಯುತ್ತಿದ್ದ ಚಂದ್ರುಗೆ ಗುರುಪ್ರಸಾದ್ ನಗುತ್ತ ಹೇಳಿದರು, “ಹಬ್ಬಿಲ್ಲ. ಕೀಮೋ ಬೇಕಾಗೋ ಹಾಗೆ ಕಾಣಲ್ಲ, ಅಮ್ಮನ ಕೂದಲೂ ಉದುರಲ್ಲ.” ಚಂದ್ರು ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತ. ಪ್ರಮೀಳಾ ಲ್ಯಾಬಿಗೆ ಹೋಗಿ, ಈ ರೋಗಿಯಲ್ಲಿ ಟ್ರೇಸರ್ ವಿಫಲ ಎಂದು ಬರೆದು, ಊಟ ಮಾಡದೆ ಮನೆಗೆ ಹೋದಳು.

ಅಪರ್ಣ ಅವಳನ್ನು ಕರೆಸಿದ್ದು ಮುಂದಿನ ವಾರ. ಕೋಣೆಯಲ್ಲಿ ಗುರುಪ್ರಸಾದ್ ಆಗಲೇ ಕೂತಿದ್ದರು. ಅಪರ್ಣ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಮಾತನಾಡಿದರು.

“ಪೂರ್ತಿ ಸ್ಲೈಡ್ ಈಗ ನೋಡ್ತಾ ಇದೀನಿ. ಕ್ಯಾನ್ಸರ್ ಏನೋ ಇಲ್ಲ. ಆದ್ರೆ ಒಳಗೆಲ್ಲ ಕಪ್ಪು ಕಪ್ಪು ಪುಡಿ ಇದೆ. ನಾವು ಚುಚ್ಚೋ ನೀಲಿ ಸ್ಲೈಡ್ ಮಾಡುವಾಗ ತೊಳೆದು ಹೋಗುತ್ತೆ. ಇದು ಹೋಗಿಲ್ಲ. ಎಷ್ಟೋ ವರ್ಷದಿಂದ ಇಲ್ಲೇ ಇದ್ದ ಶಾಯಿ ಇದು, ಬರಿಗಣ್ಣಿಗೆ ನೀಲಿ ಕಾಣುತ್ತೆ. ಟ್ಯಾಟೂ ಇದೆಯೇನ್ರೀ ಪೇಷೆಂಟ್‌ಗೆ?”

“ಇಲ್ಲ ಮೇಡಂ, ನಾನೇ ಕೇಳಿದ್ದೆ. ಟ್ಯಾಟೂ ಇಲ್ಲ ಅಂದ್ರು,” ಎಂದಳು ಪ್ರಮೀಳಾ.

ಹಾಗೆ ಅನ್ನುತ್ತಿದ್ದಂತೆಯೇ ತನ್ನ ಅಂಗೈಯಲ್ಲಿ ಹಿಡಿದಿದ್ದ ಆ ಕೈ, ತೊಟ್ಟಿಲು, ಚೇಳು, ಗಂಡನ ಹೆಸರು ಎಲ್ಲ ಕಣ್ಣಿಗೆ ಕಟ್ಟಿತು. ಚರ್ಮದ ಶಾಯಿ ಗಂಟಿಗೆ ಇಳಿಯಬಲ್ಲದು ಎಂದು ಓದಿ ಆ ಪ್ರಶ್ನೆಯನ್ನು ಪಟ್ಟಿಗೆ ಸೇರಿಸಿದವಳೇ ಅವಳು. ಕೇಳಿದವಳೂ ಅವಳೇ. ಇಲ್ಲ ಎಂಬ ಉತ್ತರ ಬಂದ ಮರುಗಳಿಗೆ ಹಚ್ಚೆ ಚೆನ್ನಾಗಿದೆ ಎಂದು ಹೊಗಳಿದವಳೂ ಅವಳೇ. ಕಂಕುಳಲ್ಲಿ ಗೆಡ್ಡೆ ಕಟ್ಟಿತ್ತು ಎಂದು ಹನುಮಕ್ಕ ಬಾಯಿಬಿಟ್ಟು ಹೇಳಿದ್ದಳಲ್ಲ. ಟ್ಯಾಟೂ ಎಂದರೆ ಪ್ರಮೀಳಾಳ ಮನಸ್ಸಿನಲ್ಲಿ ಎಂ.ಜಿ. ರಸ್ತೆಯ ಅಂಗಡಿ, ಮೆಷಿನ್ನು, ಪಡ್ಡೆ ಹುಡುಗರು. ಹಚ್ಚೆ ಎಂದರೆ ಅಜ್ಜಿಯ ಕೈ. ಎರಡೂ ಒಂದೇ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

“ಹಚ್ಚೆ ಇದೆ ಮೇಡಂ,” ಎಂದಳು. “ಕೈ ತುಂಬ ಇದೆ.”

ಗುರುಪ್ರಸಾದ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. “ನಾನು ತೆಗೆದದ್ದು ಹಚ್ಚೆ ಶಾಯಿ ತುಂಬಿದ ಗಂಟು. ಕಾವಲು ಗಂಟು ಇನ್ನೂ ಒಳಗೇ ಇದೆ,” ಎಂದರು. ಆಮೇಲೆ ತಮಗೆ ತಾವೇ ಎಂಬಂತೆ, “ಆ ಕೆಳಗಿನ ಚುಕ್ಕೆ,” ಎಂದರು.

ಹಬ್ಬಿಲ್ಲ ಎಂದು ಹೇಳಿ ಕಳಿಸಿದ ಹೆಂಗಸಿನ ಮೈಯೊಳಗೆ ಏನು ಉಳಿದಿದೆಯೋ ಯಾರಿಗೂ ಗೊತ್ತಿಲ್ಲ. ಫೋನು ಮಾಡಿ ಕರೆಸುತ್ತೇನೆ ಎಂದು ಗುರುಪ್ರಸಾದ್ ಹೇಳಿದರೂ ಪ್ರಮೀಳಾ ಒಪ್ಪಲಿಲ್ಲ. ತಾನೇ ಹೋಗಿ ಹೇಳುತ್ತೇನೆ ಎಂದು ಹಟ ಹಿಡಿದಳು.

ಮರುದಿನ ಬೆಳಿಗ್ಗೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಚಂದ್ರು ಬೈಕು ತಂದು ಕಾಯುತ್ತಿದ್ದ. ಅಮ್ಮನ್ನ ಒಂದ್ಸಲ ನೋಡ್ಬೇಕು ಎಂದಷ್ಟೇ ಅವಳು ಫೋನಿನಲ್ಲಿ ಹೇಳಿದ್ದಳು. ಪಾಪ, ಅವನು ಅದನ್ನು ಪ್ರೀತಿ ಎಂದುಕೊಂಡಿದ್ದ. ದಾರಿಯುದ್ದಕ್ಕೂ ಅವನದು ಒಂದೇ ಮಾತು.

“ಆಪರೇಷನ್ ಆದ್ಮೇಲೆ ಇಷ್ಟ್ ದೂರ ಯಾರ್ ಮೇಡಂ ಬರ್ತಾರೆ ನೋಡಕ್ಕೆ. ನಮ್ಮವ್ವ ನಿಮ್ ಹೆಸ್ರೇ ಹೇಳ್ತಾ ಇರ್ತಾಳೆ.”

ಚೇಳೂರು ದಾಟಿತು. ಈಗ ಹೇಳುತ್ತೇನೆ, ಆ ತಿರುವು ಬಂದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಹಾಗಲವಾಡಿ ಬಂತು. ಮನೆ ಮುಂದೆ ಬೈಕು ನಿಂತ ಸದ್ದಿಗೆ ಹನುಮಕ್ಕ ಹೊರಗೆ ಬಂದಳು. ಅವಳನ್ನು ನೋಡಿ ಪ್ರಮೀಳಾ ಬೈಕಿನಿಂದ ಇಳಿಯುವುದನ್ನೇ ಮರೆತಳು.

ಹನುಮಕ್ಕನ ತಲೆ ನುಣ್ಣಗೆ ಬೋಳಾಗಿತ್ತು.

“ಏನಮ್ಮ ಇದು?”

“ಬೆಟ್ಟದ ನರಸಿಂಹಸ್ವಾಮಿಗೆ ಮುಡಿ ಕೊಟ್ಟೆ ಕಣವ್ವ,” ಎಂದಳು ಹನುಮಕ್ಕ, ತಲೆ ಸವರಿಕೊಳ್ಳುತ್ತ. “ಕೂದ್ಲು ಉದ್ರಲ್ಲ ಅಂದ್ರಲ್ಲ ಡಾಕ್ಟ್ರು. ಉಳಿಸ್ಕೊಟ್ಟೋನಿಗೇ ಕೊಟ್ಟುಬುಡಾನ ಅಂತ ಹೋಗಿದ್ದೆ. ಬಾ ಒಳಿಕ್ಕೆ, ಎಳ್ನೀರ್ ಕೆತ್ತಿಸ್ತೀನಿ.”

ಹೇಗೆ ಹೇಳಿದಳೋ ಅವಳಿಗೇ ನೆನಪಿಲ್ಲ. ಜಗಲಿಯ ಮೇಲೆ ಕೂತು, ಎಳನೀರನ್ನು ಮುಟ್ಟದೆ, ತಲೆ ತಗ್ಗಿಸಿಕೊಂಡು ಹೇಳಿದಳು. ಹಚ್ಚೆಯ ಶಾಯಿ ಕಂಕುಳಿಗೆ ಇಳಿದಿತ್ತು, ಅದರ ಬಣ್ಣ ನೋಡಿ ಮೋಸಹೋದೆವು, ತೆಗೆಯಬೇಕಾದ ಗಂಟು ಬೇರೆ, ಅದರಲ್ಲಿ ಏನಿದೆಯೋ ಗೊತ್ತಿಲ್ಲ, ಇನ್ನೊಂದು ಸಲ ಬರಬೇಕು. ಚಂದ್ರು ಎಳನೀರು ಕೆತ್ತಿದ ಮಚ್ಚನ್ನು ಅಲ್ಲೇ ಬಿಸಾಕಿ ಹಿತ್ತಿಲ ಕಡೆ ಹೋಗಿಬಿಟ್ಟ.

ಹನುಮಕ್ಕ ತನ್ನ ಎಡಗೈಯನ್ನು ಮುಂದೆ ಚಾಚಿ, ಯಾರದೋ ಕೈ ನೋಡಿದ ಹಾಗೆ ನೋಡಿದಳು. ಅವಳ ಸಿಟ್ಟು ಹಚ್ಚೆಯ ಮೇಲೂ ಹೋಗಲಿಲ್ಲ, ಆಸ್ಪತ್ರೆಯ ಮೇಲೂ ಹೋಗಲಿಲ್ಲ. ಅವಳ ಚಿಂತೆಯೇ ಬೇರೆಯಾಗಿತ್ತು.

“ಹರಕೆ ತೀರಿಸ್ಬುಟ್ಟಿದೀನಲ್ಲವ್ವ. ವಾಸಿ ಆಯ್ತು ಅಂತ ಊರಿಗೆಲ್ಲ ಊಟ ಹಾಕಿದೀನಿ. ಈಗ ದೇವ್ರ ಹತ್ರ ಹೋಗಿ, ಇಲ್ಲ ಕಣಪ್ಪ, ಇನ್ನೂ ಇದ್ದಾತು ಅಂತ ಹೆಂಗ್ ಹೇಳ್ಲಿ? ಕೊಡಕ್ಕೆ ಕೂದ್ಲೂ ಇಲ್ಲ.”

ಪ್ರಮೀಳಾಗೆ ಅಳು ಒತ್ತರಿಸಿ ಬಂತು. ಹನುಮಕ್ಕ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಹಸುಗಳಿಗೆ ಹುಲ್ಲು ಹಾಕಿ ಬಂದು, ಯಾವತ್ತು ಬರಬೇಕು ಎಂದು ಕೇಳಿದಳು.

ಎರಡನೇ ಸಲ ಪ್ರಮೀಳಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಲ್ಯಾಬಿಗೆ ಬಂದು ಹಾಲು ಕರೆದಳು. ಮದ್ದು ಬೆರೆಸಿ, ಅದು ಸರಿಯಾಗಿ ಕೂಡಿದೆಯೇ ಎಂದು ಪರೀಕ್ಷಿಸಿ, ನಂಬದೆ ಇನ್ನೊಮ್ಮೆ ಪರೀಕ್ಷಿಸಿದಳು. ಇಂಜೆಕ್ಷನ್ ಕೊಟ್ಟ ಮೇಲೆ ಆ ಜಾಗದ ಚರ್ಮವನ್ನು ಒರೆಸಿದಳು, ಒರೆಸಿದ ಹತ್ತಿಯನ್ನೂ ಅಳೆದು ನೋಡಿದಳು. ಹನಿಯೂ ಚೆಲ್ಲಿರಲಿಲ್ಲ. ಈ ಸಲ ಹೊಳಪು ಅಡ್ಡ ಬರದಂತೆ ಸೂಜಿಯ ಜಾಗಕ್ಕೆ ಸೀಸದ ತಗಡು ಮುಚ್ಚಿ, ಹನುಮಕ್ಕನ ತೋಳನ್ನು ಮೇಲಕ್ಕೆತ್ತಿಸಿ ಪಕ್ಕದಿಂದ ಚಿತ್ರ ಹಿಡಿದಳು.

ಕತ್ತಲಾದ ಪರದೆಯ ಮೇಲೆ ಮೊದಲು ಏನೂ ಬರಲಿಲ್ಲ. ನಿಜ ಹೇಳಬೇಕೆಂದರೆ, ಏನೂ ಬರದಿರಲಿ ಎಂದೇ ಅವಳು ಬೇಡಿಕೊಳ್ಳುತ್ತಿದ್ದಳು. ತನ್ನ ಟ್ರೇಸರ್ ಕೆಲಸಕ್ಕೆ ಬಾರದ್ದೇ ಆಗಲಿ, ಆ ಕೆಳಗಿನ ಚುಕ್ಕೆ ಚೆಲ್ಲಿದ ಹನಿಯೇ ಆಗಿರಲಿ, ಅಷ್ಟು ವರ್ಷದ ಕೆಲಸ ಮಣ್ಣುಪಾಲಾದರೂ ಆಗಲಿ. ಆಮೇಲೆ ಚುಕ್ಕೆ ಮೂಡಿತು. ಅದೇ ಜಾಗದಲ್ಲಿ, ಎದೆಯ ಬದಿಯಲ್ಲಿ, ಈ ಸಲ ಎಷ್ಟು ಖಚಿತವಾಗಿ ಎಂದರೆ ಬೇರೆ ಅರ್ಥ ಮಾಡಲು ಜಾಗವೇ ಇರಲಿಲ್ಲ.

ಗುರುಪ್ರಸಾದ್ ಆ ಜಾಗವನ್ನೇ ತೆರೆದರು. ಪ್ರೋಬ್ ಹತ್ತಿರ ಹೋಗುವ ಮೊದಲೇ ಕಿರುಚಿಕೊಂಡಿತು. ಈ ಸಲ ನೀಲಿ ಚುಚ್ಚಿರಲಿಲ್ಲ; ಸಿಕ್ಕ ಗಂಟು ಸಣ್ಣದು, ಬಣ್ಣವಿಲ್ಲದ್ದು, ಯಾರ ಕಣ್ಣಿಗೂ ಬೀಳದಂಥದ್ದು. ಅದು ಅಪರ್ಣರ ಕೋಣೆಗೆ ಹೋಗಿ, ಉತ್ತರ ಬರುವವರೆಗೆ ಪ್ರಮೀಳಾ ಅಲ್ಲೇ ಕಾದು ನಿಂತಿದ್ದಳು. ಫೋನಿನಲ್ಲಿ ಅಪರ್ಣ ಹೇಳಿದ್ದನ್ನು ಕೇಳಿಸಿಕೊಂಡು ಗುರುಪ್ರಸಾದ್ ಅವಳ ಕಡೆ ತಿರುಗಿದರು.

“ಇದೆ. ಇದರಲ್ಲಿ ಕ್ಯಾನ್ಸರ್ ಇದೆ.” ಸ್ವಲ್ಪ ತಡೆದು ಮತ್ತೆ ಹೇಳಿದರು, “ನಿಮ್ಮ ಟ್ರೇಸರ್ ಸರಿ ಇತ್ತು ಪ್ರಮೀಳಾ. ಮೊದಲ ದಿನದಿಂದಲೂ ಸರಿ ಇತ್ತು.”

ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿ ಅವಳ ಮನಸ್ಸು ಹಿಗ್ಗಿತು. ಒಂದೇ ಗಳಿಗೆ. ಮರುಕ್ಷಣ ಮೇಜಿನ ಮೇಲೆ ಮಲಗಿದ್ದ ಬೋಳುತಲೆ ಕಣ್ಣಿಗೆ ಬಿತ್ತು. ತಾನು ಯಾವುದಕ್ಕೆ ಹಿಗ್ಗಿದೆ ಎಂದು ಅವಳಿಗೆ ಆಗ ತಿಳಿಯಿತು. ಯಾರೋ ಕೈ ಕುಲುಕಲು ಬಂದರು. ಅವಳು ಕೈಗವಸು ಬಿಚ್ಚುವ ನೆವ ಮಾಡಿಕೊಂಡು ಹೊರಗೆ ಹೋದಳು.

ಸಂಜೆ ವಾರ್ಡಿಗೆ ಹೋದಾಗ ಹನುಮಕ್ಕ ದಿಂಬಿಗೆ ಒರಗಿ ಕೂತಿದ್ದಳು. ಚಂದ್ರು ಪಕ್ಕದಲ್ಲಿ ಸ್ಟೂಲಿನ ಮೇಲಿದ್ದ, ಇವಳನ್ನು ನೋಡಿ ಮುಖ ತಿರುಗಿಸಲಿಲ್ಲ, ಮಾತಾಡಿಸಲೂ ಇಲ್ಲ. ಡಾಕ್ಟರು ಆಗಲೇ ಬಂದು ಎಲ್ಲ ಹೇಳಿ ಹೋಗಿದ್ದರು. ಕೀಮೋ ಬೇಕು, ಆಮೇಲೆ ವಿಕಿರಣ ಚಿಕಿತ್ಸೆ ಬೇಕು, ವಾಸಿಯಾಗುವ ಸಂಭವ ಈಗಲೂ ಚೆನ್ನಾಗಿದೆ.

“ಸಿಕ್ತಂತಲ್ಲವ್ವ,” ಎಂದಳು ಹನುಮಕ್ಕ.

“ಸಿಕ್ತು ಅಮ್ಮ. ಇನ್ನು ಗೊತ್ತಿದ್ದೇ ಔಷಧಿ ಕೊಡ್ತಾರೆ.”

“ಡಾಕ್ಟ್ರು ಇನ್ನೊಂದ್ ಹೇಳುದ್ರು. ನಿನ್ ಮದ್ದು ಮೊದಲ್ನೇ ದಿನಾನೇ ತೋರ್ಸಿತ್ತಂತೆ, ಇಲ್ಲೇ ಐತೆ ಅಂತ. ನೋಡ್ಬೇಕಾ ಅಂತ ನಿನ್ನ ಕೇಳುದ್ರಂತೆ.”

“ಹೌದಮ್ಮ.”

“ಅದನ್ನ ಮಾಡ್ದೋಳು ನೀನೇ ಅಲ್ವ?”

ಪ್ರಮೀಳಾ ಹೌದೆಂದು ತಲೆಯಾಡಿಸಿದಳು.

“ಮತ್ತೆ ಡಾಕ್ಟ್ರು ಕೇಳ್ದಾಗ ನೀನೇ ಯಾಕವ್ವ ಅದನ್ನ ಸುಳ್ಳು ಅಂದೆ?”

ಹನುಮಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವವರು ಕೇಳುವ ಹಾಗೆ ಕೇಳಿದಳು, ಕೇಳಿ, ಪ್ರಮೀಳಾಳ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾದಳು.